ಏಳಿ ಎನ್ನದ ಮೇಜು

ಮುಂಬಯಿಯಲ್ಲಿ ಬೆಳೆದವರಿಗೆ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಬೆನ್ನ ಹಿಂದೆ ಯಾರಾದರೂ ನಿಂತಿದ್ದಾರೆಯೇ ಎಂದು ಒಮ್ಮೆ ತಿರುಗಿ ನೋಡುವ ಅಭ್ಯಾಸವಿರುತ್ತದೆ. ಫೋರ್ಟ್, ದಾದರ್, ಮಾಟುಂಗಾಗಳ ಉಡುಪಿ ಹೋಟೆಲುಗಳಲ್ಲಿ ಊಟದ ಹೊತ್ತಿಗೆ ಜಾಗಕ್ಕಾಗಿ ಕಾಯುವವರು ಎಷ್ಟೋ ಸಲ ಬಾಗಿಲ ಬಳಿ ನಿಲ್ಲುವುದಿಲ್ಲ. ಉಣ್ಣುತ್ತಿರುವವರ ಕುರ್ಚಿಯ ಹಿಂದೆಯೇ ಬಂದು, ಅದರ ಬೆನ್ನಿನ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಇದನ್ನು ಯಾರೂ ಒರಟುತನವೆಂದು ಎಣಿಸುವುದಿಲ್ಲ. ಉಣ್ಣುವವನು ಕೂಡ ಐದು ನಿಮಿಷದ ಹಿಂದೆ ಹಾಗೆಯೇ ನಿಂತಿದ್ದವನು. ಇಂಥ ಊರಿನಲ್ಲಿ, ಅಪೊಲೊ ಬಂದರಿನ ತಾಜ್ ಮಹಲ್ ಪ್ಯಾಲೇಸ್ ಹೋಟೆಲಿನ ಮೊದಲ ಮಹಡಿಗೆ ಹೋಗಿ, ಸೀ ಲೌಂಜಿನಲ್ಲಿ ಒಬ್ಬರ ಹೈ ಟೀಗೆ ಎರಡು ಸಾವಿರ ರೂಪಾಯಿಗೂ ಮೇಲೆ ಕೊಟ್ಟಾಗ ನಾವು ಕೊಳ್ಳುವುದು ಏನನ್ನು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಚಹಾವನ್ನಂತೂ ಅಲ್ಲ, ಚಹಾ ಎಷ್ಟೇ ಒಳ್ಳೆಯದಾದರೂ ಅಷ್ಟು ಬೆಲೆ ಬಾಳುವುದಿಲ್ಲ. ತಿಂಡಿಯನ್ನೂ ಅಲ್ಲ, ಏಕೆಂದರೆ ಅಲ್ಲಿ ಸಿಗುವ ಭೇಲ್‌ಪುರಿ, ಸೇವ್‌ಪುರಿಗಳು ಕೆಳಗಿನ ರಸ್ತೆಯಲ್ಲೂ ಸಿಗುತ್ತವೆ, ಬಹುಶಃ ಇನ್ನಷ್ಟು ಖಾರವಾಗಿ.

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ಅದು ನನಗೆ ಹೊಳೆದದ್ದಲ್ಲ, ನನ್ನ ಸೋದರಮಾವನ ಕಣ್ಣಿನಿಂದ ಕಂಡದ್ದು. ಮಾವ 1970ರ ದಶಕದ ಆರಂಭದಲ್ಲಿ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಬಂದವರು. ಹಗಲು ಫೋರ್ಟಿನ ಉಡುಪಿ ಹೋಟೆಲೊಂದರಲ್ಲಿ ಕ್ಲೀನರ್ ಕೆಲಸ, ರಾತ್ರಿ ಕನ್ನಡ ರಾತ್ರಿಶಾಲೆ. ಆಮೇಲೆ ಸಪ್ಲೈಯರ್, ಆಮೇಲೆ ಗಲ್ಲಾ, ಕೊನೆಗೆ ಪಾಲುದಾರರೊಬ್ಬರೊಂದಿಗೆ ಸೇರಿ ಸಣ್ಣದೊಂದು ಬಾರು. ಕರಾವಳಿಯಿಂದ ಮುಂಬಯಿಗೆ ಹೋದ ಎಷ್ಟೋ ಮಂದಿಯ ಕಥೆ ಇದೇ ಆಗಿರುವುದರಿಂದ ಬೆಳೆಸಿ ಹೇಳಬೇಕಾಗಿಲ್ಲ. ಅಷ್ಟು ವರ್ಷ ತಾಜ್‌ನಿಂದ ಕಾಲ್ನಡಿಗೆಯ ದೂರದಲ್ಲಿ ವ್ಯಾಪಾರ ಮಾಡಿದರೂ ಅವರು ಒಮ್ಮೆಯೂ ಅದರ ಒಳಗೆ ಹೋದವರಲ್ಲ. ಹೋಗಬಾರದೆಂದು ಯಾರೂ ತಡೆದಿರಲಿಲ್ಲ. ಹೋಗಬೇಕೆಂದು ಅವರಿಗೆ ಅನ್ನಿಸಿರಲಿಲ್ಲ. ಬಾರಿನ ಜವಾಬ್ದಾರಿಯನ್ನು ಮಗನಿಗೆ ಬಿಟ್ಟ ಮೇಲೆ, ನನ್ನ ಒತ್ತಾಯಕ್ಕೆ, ಒಂದು ಮಧ್ಯಾಹ್ನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದರು.

ಕಿಟಕಿಯ ಪಕ್ಕದ ಜಾಗ

ಲೋಹಶೋಧಕದ ಚೌಕಟ್ಟನ್ನು ದಾಟಿ, ಚೀಲಗಳನ್ನು ಯಂತ್ರಕ್ಕೆ ಕೊಟ್ಟು, ಹಾಸುಗಂಬಳಿಯ ಮೆಟ್ಟಿಲು ಹತ್ತಿ ಹೋದ ನಮಗೆ ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಅಲ್ಲಿಂದ ಗೇಟ್‌ವೇ ಆಫ್ ಇಂಡಿಯಾ, ಅದರಾಚೆ ಎಲಿಫೆಂಟಾಕ್ಕೆ ಹೋಗುವ ದೋಣಿಗಳು, ಈಚೆ ಪಾರಿವಾಳಗಳ ನಡುವೆ ಫೋಟೋ ತೆಗೆಸಿಕೊಳ್ಳುವ ಜನ ಕಾಣುತ್ತಾರೆ. ಈ ನೋಟ ಹೋಟೆಲಿನ ಜೊತೆಗೇ ಹುಟ್ಟಿದ್ದಲ್ಲ. ಜಮ್‌ಶೇಟ್‌ಜಿ ಟಾಟಾ ಅವರ ಹೋಟೆಲು ಬಾಗಿಲು ತೆರೆದದ್ದು 1903ರ ಡಿಸೆಂಬರ್ 16ರಂದು. ಗೇಟ್‌ವೇ ಪೂರ್ಣಗೊಂಡದ್ದು 1924ರಲ್ಲಿ. ಮೊದಲ ಎರಡು ದಶಕ ಇಲ್ಲಿಗೆ ಬಂದವರು ನೋಡಿದ್ದು ಬರಿಯ ಬಂದರನ್ನು. ಭಾರತೀಯನೆಂಬ ಕಾರಣಕ್ಕೆ ಟಾಟಾ ಅವರಿಗೆ ವಾಟ್ಸನ್ಸ್ ಹೋಟೆಲಿನಲ್ಲಿ ಪ್ರವೇಶ ಸಿಗಲಿಲ್ಲ, ಆ ಹಟಕ್ಕೆ ಇದನ್ನು ಕಟ್ಟಿಸಿದರು ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಒಪ್ಪದ ಇತಿಹಾಸಕಾರರೂ ಇದ್ದಾರೆ. ನನಗಂತೂ ಆ ಕಥೆಯ ಸತ್ಯಾಸತ್ಯಕ್ಕಿಂತ, ಒಳಗೆ ಬಿಡದ ಹೋಟೆಲು ಎಂಬ ವಿಷಯವೇ ಈ ಹೋಟೆಲಿನ ಜನ್ಮಕಥೆಯಾಗಿ ಜನರ ಬಾಯಲ್ಲಿ ಉಳಿದದ್ದು ಗಮನಿಸಬೇಕಾದ್ದು ಅನ್ನಿಸುತ್ತದೆ.

ಮಾವ ಸಮುದ್ರವನ್ನು ನೋಡಲಿಲ್ಲ. ಮೇಜುಗಳ ನಡುವಿನ ಜಾಗವನ್ನು ನೋಡಿದರು. ಕುರ್ಚಿಗಳನ್ನು ಎಣಿಸಿ, ಗೋಡೆಯಿಂದ ಗೋಡೆಗೆ ಒಮ್ಮೆ ಕಣ್ಣು ಹಾಯಿಸಿ, "ಇಷ್ಟು ಜಾಗದಲ್ಲಿ ನಾನಾದ್ರೆ ಇದರ ಎರಡು ಪಾಲು ಟೇಬಲ್ ಹಾಕ್ತಿದ್ದೆ ಮಾರಾಯ್ತಿ" ಎಂದರು. ನಾನು ದಾರ್ಜಿಲಿಂಗ್ ಚಹಾ ಹೇಳಿದೆ, ಅವರು ಮಸಾಲೆ ಚಹಾ. ಪಿಂಗಾಣಿಯ ಚಾದಾನಿ, ಅದರ ಬದಿಗೆ ಬೆಳ್ಳಿಯ ಬಣ್ಣದ ಸೋಸುವ ಜಾಲರಿ, ಚಹಾ ಗಡುಸಾದರೆ ಸೇರಿಸಿಕೊಳ್ಳಲೆಂದು ಇನ್ನೊಂದು ಪುಟ್ಟ ಪಾತ್ರೆಯಲ್ಲಿ ಬರಿಯ ಬಿಸಿನೀರು. ಆ ಬಿಸಿನೀರಿನ ಪಾತ್ರೆಯನ್ನು ಮಾವ ಬಹಳ ಹೊತ್ತು ನೋಡಿದರು. ಚಹಾ ಆರುತ್ತದೆ, ಗಡುಸಾಗುತ್ತದೆ, ಗಿರಾಕಿ ಅದನ್ನು ಮತ್ತೆ ತೆಳುಮಾಡಿಕೊಂಡು ಕುಡಿಯುತ್ತಾನೆ ಎಂದು ಮೊದಲೇ ಲೆಕ್ಕ ಹಾಕಿ ಇಟ್ಟ ಪಾತ್ರೆ ಅದು. ಅಂದರೆ, ಅವನು ಬೇಗ ಏಳುವುದಿಲ್ಲ ಎಂಬುದನ್ನು ಹೋಟೆಲೇ ಒಪ್ಪಿಕೊಂಡು ಮೇಜಿನ ಮೇಲೆ ತಂದಿಟ್ಟಂತೆ.

ಉಡುಪಿ ಹೋಟೆಲಿನ ಅರ್ಥಶಾಸ್ತ್ರವೆಲ್ಲ ಇದಕ್ಕೆ ತದ್ವಿರುದ್ಧ. ಟೇಬಲ್ ತಿರುಗಬೇಕು. ಒಂದು ಮೇಜಿಗೆ ಊಟದ ಹೊತ್ತಿನಲ್ಲಿ ಎಷ್ಟು ಪಂಕ್ತಿ ಗಿರಾಕಿಗಳು ಬಂದು ಹೋದರು ಎಂಬುದರ ಮೇಲೆ ಆ ದಿನದ ಲಾಭ ನಿಂತಿರುತ್ತದೆ. ಇಡ್ಲಿಯ ಬೆಲೆ ಕಡಿಮೆ ಇರಲು ಸಾಧ್ಯವಾಗುವುದೇ ಅದನ್ನು ತಿಂದವನು ಬೇಗ ಎದ್ದು ಹೋಗುವುದರಿಂದ. ಗಿರಾಕಿಯನ್ನು ಬಾಯಿಬಿಟ್ಟು ಎಬ್ಬಿಸುವಂತಿಲ್ಲ, ಆದ್ದರಿಂದ ಅದಕ್ಕೊಂದು ಮೂಕಭಾಷೆ ಬೆಳೆದಿದೆ: ಮೊದಲು ಖಾಲಿ ತಟ್ಟೆ ಎತ್ತುವುದು, ಆಮೇಲೆ ಮೊಣಕೈ ಎತ್ತಬೇಕಾಗುವಂತೆ ಮೇಜು ಒರೆಸುವುದು, ಆಮೇಲೆ ಕೇಳದಿದ್ದರೂ ಸೋಂಪಿನ ಜೊತೆ ಬಿಲ್ಲು ತಂದಿಡುವುದು. ಮಾವ ಈ ವಿದ್ಯೆಯಲ್ಲಿ ಪಳಗಿದವರು. ಸೀ ಲೌಂಜಿನಲ್ಲಿ ಒಂದೂವರೆ ಗಂಟೆ ಕಳೆದರೂ ಈ ಯಾವ ಸೂಚನೆಯೂ ಬರದಿದ್ದಾಗ ಅವರಿಗೆ ಸಮಾಧಾನವಾಗುವ ಬದಲು ಕಸಿವಿಸಿಯಾಯಿತು. "ಇಲ್ಲಿ ಬಿಲ್ಲು ಯಾರೂ ತರುವುದಿಲ್ವಾ?" ಎಂದು ಕೇಳಿದರು. ನಾವು ಕೇಳಿದರೆ ತರುತ್ತಾರೆ ಮಾವ ಎಂದೆ. "ಕೇಳದಿದ್ರೆ?" ಎಂದರು. ಕೇಳದಿದ್ದರೆ ಇನ್ನೊಂದು ಚಾದಾನಿ ಬರುತ್ತದೆ ಅಷ್ಟೆ. ಅವರು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ಹಾಗಾದ್ರೆ ರೇಟು ಸರಿ ಉಂಟು" ಎಂದು ತೀರ್ಪು ಕೊಟ್ಟರು. ನಾನು ದುಬಾರಿ ಎಂದುಕೊಂಡಿದ್ದ ಬೆಲೆಯನ್ನು, ಜೀವಮಾನವಿಡೀ ಕುರ್ಚಿಯ ಬಾಡಿಗೆಯನ್ನೇ ಲೆಕ್ಕ ಹಾಕಿದ ಮನುಷ್ಯ ನ್ಯಾಯವಾದದ್ದು ಎಂದರು.

ಸ್ಯಾಂಡ್‌ವಿಚ್‌ಗಳ ಬಗ್ಗೆ ಅವರಿಗೆ ಒಂದೇ ಪ್ರಶ್ನೆಯಿತ್ತು: ಅಂಚು ಕತ್ತರಿಸಿದ ಬ್ರೆಡ್ಡಿನ ಆ ಅಂಚುಗಳು ಏನಾಗುತ್ತವೆ? ತಮ್ಮ ಅಡುಗೆಮನೆಯಲ್ಲಾದರೆ ಒಣಗಿಸಿ, ಪುಡಿಮಾಡಿ, ಕಟ್ಲೆಟ್ಟಿಗೆ ಸವರುತ್ತಾರೆ. ಇಲ್ಲಿಯೂ ಹಾಗೆಯೇ ಇರಬೇಕೆಂದು ತಾವೇ ತೀರ್ಮಾನಿಸಿ, ಮೇಜಿನ ಮೇಲಿದ್ದ ಕಟ್ಲೆಟ್ಟನ್ನು ಗೌರವದಿಂದ ತಿಂದರು.

ಪಕ್ಕದ ಮೇಜಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿತ್ತು. ಸೀ ಲೌಂಜ್ ಇದಕ್ಕೆ ಹೆಸರುವಾಸಿ. ದಕ್ಷಿಣ ಮುಂಬಯಿಯ ಎಷ್ಟೋ ಕುಟುಂಬಗಳ ಸಂಬಂಧಗಳು ಕುದುರಿದ್ದು ಈ ಕಿಟಕಿಗಳ ಪಕ್ಕದಲ್ಲೇ. ಎರಡೂ ಕಡೆಯ ಅಮ್ಮಂದಿರು ಮಾತಾಡುತ್ತಿದ್ದರು, ಹುಡುಗ ಫೋನನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟು ಸಭ್ಯನಾಗಿ ಕುಳಿತಿದ್ದ. ಹುಡುಗಿಯ ಮುಂದೆ ಸೇವ್‌ಪುರಿಯ ತಟ್ಟೆಯಿತ್ತು. ಸೇವ್‌ಪುರಿಯನ್ನು ಕಚ್ಚಿ ತಿನ್ನಲಾಗುವುದಿಲ್ಲ. ಕಚ್ಚಿದರೆ ಪುರಿ ಒಡೆದು ಚಟ್ನಿಯೆಲ್ಲ ಬಟ್ಟೆಯ ಮೇಲೆ ಸುರಿಯುತ್ತದೆ. ಬಾಯಿ ಪೂರ್ತಿ ತೆರೆದು ಇಡಿಯಾಗಿ ಹಾಕಿಕೊಳ್ಳಬೇಕು. ಭಾವಿ ಅತ್ತೆಯ ಎದುರು ಅಷ್ಟಗಲ ಬಾಯಿ ತೆರೆಯುವುದು ಹೇಗೆ? ಆಕೆ ಫೋರ್ಕಿನಿಂದ ಒಂದು ಪುರಿಯನ್ನು ತಟ್ಟೆಯ ಈ ತುದಿಯಿಂದ ಆ ತುದಿಗೆ ಬಹಳ ಹೊತ್ತು ಸರಿಸಿದಳು. ಕೊನೆಗೆ ಅತ್ತೆಯಾಗಲಿದ್ದಾಕೆಯೇ ಒಂದನ್ನು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡರು; ಹುಡುಗಿಯೂ ಹಾಕಿಕೊಂಡಳು. ಸಂಬಂಧ ಕುದುರಿತೋ ಇಲ್ಲವೋ, ಆ ಗಳಿಗೆಗೆ ಬೇಕಾದ ಸಮಯವಂತೂ ಅಲ್ಲಿ ಇತ್ತು. ಮೇಜು ಒರೆಸುವ ಹುಡುಗ ಬಂದು ನಿಂತಿದ್ದರೆ ಅದು ನಡೆಯುತ್ತಿರಲಿಲ್ಲ.

ಪರದೆಯ ಈಚೆ

ಚಹಾದ ನಂತರ ಕೆಳಗಿನ ಹಾರ್ಬರ್ ಬಾರಿಗೆ ಹೋಗುವ ಯೋಚನೆ ನನ್ನದು. ಮಾವ ಜೀವನದಲ್ಲಿ ಮದ್ಯ ಮುಟ್ಟಿದವರಲ್ಲ. ಬಾರು ನಡೆಸುವ ನಮ್ಮ ಕಡೆಯ ಹಿರಿಯರಲ್ಲಿ ಇದು ಅಪರೂಪವೇನಲ್ಲ. ವ್ಯಾಪಾರದ ಸರಕನ್ನು ತಾವು ಮುಟ್ಟಬಾರದೆಂಬ ಶಿಸ್ತು ಅದು. ಆದರೂ ಬಂದರು, ವೃತ್ತಿಯ ಕುತೂಹಲದಿಂದ.

ಹಾರ್ಬರ್ ಬಾರು 1933ರದ್ದು. ನಗರದ ಮೊದಲ ಬಾರ್ ಲೈಸೆನ್ಸು ತಮ್ಮದೇ ಎಂದು ಹೋಟೆಲಿನವರು ಹೇಳಿಕೊಳ್ಳುತ್ತಾರೆ. ಅದೇ ವರ್ಷದ ಡಿಸೆಂಬರಿನಲ್ಲಿ ಅಮೆರಿಕದ ಪಾನನಿಷೇಧ ಕೊನೆಗೊಂಡಿತು, ಆ ಸಂತೋಷಕ್ಕೆ ಇಲ್ಲಿ ಹುಟ್ಟಿದ್ದು ಎನ್ನುವ ಒಂದು ಕಾಕ್‌ಟೇಲ್ ಇಂದಿಗೂ ಪಟ್ಟಿಯಲ್ಲಿದೆ. ವಿಚಿತ್ರವೆಂದರೆ, ಅಮೆರಿಕ ಬಿಟ್ಟದ್ದನ್ನು ಬೊಂಬಾಯಿ ಹಿಡಿದುಕೊಂಡಿತು. 1949ರ ಬಾಂಬೆ ಪಾನನಿಷೇಧ ಕಾಯ್ದೆ, ಆಮೇಲೆ ಮೊರಾರ್ಜಿ ದೇಸಾಯಿಯವರ ಕಟ್ಟುನಿಟ್ಟಿನ ಕಾಲ. ಎಫ್. ಎನ್. ಬಲ್ಸಾರಾ ಎಂಬ ಪಾರ್ಸಿ ಗೃಹಸ್ಥರು ಕಾಯ್ದೆಯನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 1951ರಲ್ಲಿ ಸುಪ್ರೀಂ ಕೋರ್ಟು ಕೆಲವು ಭಾಗಗಳನ್ನು ಅಸಿಂಧುಗೊಳಿಸಿ ಉಳಿದದ್ದನ್ನು ಎತ್ತಿಹಿಡಿಯಿತು. ವಿದೇಶಿಯರಿಗೆ ಪರ್ಮಿಟ್ಟು ಸಿಗುತ್ತಿತ್ತು, ಆರೋಗ್ಯದ ಕಾರಣ ತೋರಿಸಿ ವೈದ್ಯರ ಚೀಟಿ ತಂದವರಿಗೂ ಸಿಗುತ್ತಿತ್ತು. ಉಳಿದವರಿಗೆ ಗಲ್ಲಿಗಳ ಒಳಗೆ ಕದ್ದು ಮದ್ಯ ಮಾರುವ 'ಆಂಟಿ'ಯರ ಮನೆಗಳಿದ್ದವು.

1960ರ ದಶಕದಿಂದ ಬಿಗಿ ಸಡಿಲವಾಗುತ್ತ ಬಂದರೂ ಕಾಯ್ದೆ ಸಾಯಲಿಲ್ಲ. ಮಹಾರಾಷ್ಟ್ರ ಎಂಬ ಹೆಸರು ಹೊತ್ತು ಇಂದಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಕುಡಿಯುವವನ ಬಳಿ ಪರ್ಮಿಟ್ಟು ಇರಬೇಕು. ಒಂದು ದಿನದ್ದಕ್ಕೆ ಐದು ರೂಪಾಯಿ, ಜೀವಮಾನದ್ದಕ್ಕೆ ಒಂದು ಸಾವಿರ. ಬಿಯರಿಗೆ 21 ವರ್ಷ ತುಂಬಿರಬೇಕು, ವಿಸ್ಕಿ-ರಮ್ಮಿಗೆ 25. ಮುಂಬಯಿಯ ಬಾರುಗಳ ಫಲಕದ ಮೇಲೆ ಇಂದಿಗೂ 'ಪರ್ಮಿಟ್ ರೂಮ್' ಎಂದು ಬರೆದಿರುವುದು ಈ ಕಾರಣಕ್ಕೆ. ಒಳಗೆ ಕುಳಿತವರಲ್ಲಿ ಹೆಚ್ಚಿನವರಿಗೆ ತಾವು ಪರ್ಮಿಟ್ಟಿನ ಮೇಲೆ ಕುಡಿಯುತ್ತಿರಬೇಕಾದವರು ಎಂಬುದೇ ಗೊತ್ತಿರುವುದಿಲ್ಲ.

ಆದರೆ ಕಾಯ್ದೆ ಬಿಟ್ಟುಹೋದ ದೊಡ್ಡ ಗುರುತು ಕಾಗದದ ಮೇಲಿನದ್ದಲ್ಲ, ಕೋಣೆಯ ರೂಪದ್ದು. ಮಾವನ ಬಾರನ್ನು ನಾನು ಬಾಲ್ಯದಿಂದ ಬಲ್ಲೆ, ಎಂದರೆ ಅದರ ಹೊರಗನ್ನು ಬಲ್ಲೆ. ಗಾಜಿಗೆ ಕಪ್ಪು ಫಿಲ್ಮು, ಬಾಗಿಲಿಗೆ ದಪ್ಪ ಪರದೆ, ಒಳಗೆ ಕೆಂಪು ಬೆಳಕು. ಮಟಮಟ ಮಧ್ಯಾಹ್ನವೂ ಒಳಗೆ ರಾತ್ರಿ. ಮಹಡಿಯ ಮೇಲೆ ಎಸಿ ಹಾಕಿದ ಒಂದು 'ಫ್ಯಾಮಿಲಿ ರೂಮ್' ಇತ್ತು. ಹೆಂಗಸರು, ಮಕ್ಕಳು ಅಲ್ಲಿಗೇ ಹೋಗಬೇಕು, ನಾವು ಹೋದಾಗ ಚಿಕನ್ ಲಾಲಿಪಾಪ್ ಮತ್ತು ಫ್ರೈಡ್ ರೈಸ್ ಅಲ್ಲಿಗೇ ಬರುತ್ತಿತ್ತು. ಕೆಳಗಿನ ಕೋಣೆಯಲ್ಲಿ ಗಂಡಸರು ಕಡಲೆ, ಸೌತೆಕಾಯಿಯ ಚಕ್ಣಾ ಮುಂದಿಟ್ಟುಕೊಂಡು, ಯಾರ ಮುಖವೂ ಯಾರಿಗೂ ಸರಿಯಾಗಿ ಕಾಣದ ಮಬ್ಬಿನಲ್ಲಿ ಬೇಗ ಬೇಗ ಕುಡಿದು ಲೋಕಲ್ ಹಿಡಿಯಲು ಓಡುತ್ತಿದ್ದರು. ಪರ್ಮಿಟ್ಟಿನ ಮಾತು ಬಿಟ್ಟರೆ ಅವರೇನೂ ಕಾನೂನು ಮುರಿಯುತ್ತಿರಲಿಲ್ಲ. ನಿಷೇಧ ಸಡಿಲವಾಗಿ ದಶಕಗಳಾಗಿದ್ದವು. ಆದರೂ ಆ ಕೋಣೆ ಅವರನ್ನು ತಪ್ಪು ಮಾಡುತ್ತಿರುವವರಂತೆ ಬಚ್ಚಿಡುತ್ತಿತ್ತು.

ಹಾರ್ಬರ್ ಬಾರಿಗೆ ಕಿಟಕಿಗಳಿವೆ, ಕಿಟಕಿಗಳಾಚೆ ಬಂದರು. ಇದೇ ಊರಿನ, ಇದೇ ಕಾಯ್ದೆಯ ಅಡಿಯಲ್ಲಿ ನಡೆಯುವ ಬಾರು ಅದೂ. ಸಂಜೆಯ ಬೆಳಕು ನೇರವಾಗಿ ಗ್ಲಾಸಿನ ಮೇಲೆ ಬೀಳುತ್ತಿತ್ತು. ಮಾವ ತಮಗೆ ಫ್ರೆಶ್ ಲೈಮ್ ಸೋಡಾ ಹೇಳಿದರು. ನಾನು ಸ್ವಲ್ಪ ಹಿಂಜರಿದು ಒಂದು ಜಿನ್ ಹೇಳಿದೆ. ಬಾರ್‌ಟೆಂಡರ್ ಅಳತೆಯ ಲೋಟವನ್ನು ಎತ್ತಿದಾಗ ಮಾವನ ಕುತ್ತಿಗೆ ತಾನಾಗಿಯೇ ಅತ್ತ ತಿರುಗಿತು: ಮೂವತ್ತು ಮಿಲಿಯೋ, ಅರವತ್ತೋ, ಅಂಚಿನವರೆಗೆ ತುಂಬಿತೋ. ತೃಪ್ತರಾಗಿ ತಲೆಯಾಡಿಸಿದರು. ಮಂಜುಗಡ್ಡೆಯ ಚೌಕ ದೊಡ್ಡದಿದ್ದುದನ್ನೂ, ದೊಡ್ಡದಾದಷ್ಟೂ ನಿಧಾನವಾಗಿ ಕರಗಿ ಮದ್ಯವನ್ನು ನೀರಾಗಿಸುವುದಿಲ್ಲ ಎಂಬುದನ್ನೂ ನನಗೆ ಅವರೇ ವಿವರಿಸಿದರು. ಇಲ್ಲಿಯೂ ಅವಸರವಿಲ್ಲದ ಗಿರಾಕಿಗಾಗಿಯೇ ಮಾಡಿದ ಏರ್ಪಾಡು.

ಮಾತಾಡುತ್ತಲೇ ಅವರು ಒಂದು ಕೆಲಸ ಮಾಡಿದರು. ಕುರ್ಚಿಯನ್ನು ಮೆಲ್ಲನೆ ಎಳೆದು, ಕಿಟಕಿಗೆ ಬೆನ್ನು ಹಾಕಿ, ನನಗೂ ರಸ್ತೆಗೂ ನಡುವೆ ಕುಳಿತರು. ಸಮುದ್ರ ಅವರ ಬೆನ್ನಿಗೆ ಬಿತ್ತು. ಮೊದಲು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು: ಹೊರಗೆ ಹೋಗುವವರ ಕಣ್ಣಿಗೆ ಸೊಸೆಯ ಕೈಯಲ್ಲಿನ ಗ್ಲಾಸು ಬೀಳದಿರಲಿ ಎಂದು ಅವರು ಅಡ್ಡ ಕುಳಿತಿದ್ದರು. ಅಪೊಲೊ ಬಂದರಿನಲ್ಲಿ ನಮ್ಮನ್ನು ಗುರುತಿಸುವವರು ಯಾರೂ ಇರಲಿಲ್ಲ. ಅವರು ನನ್ನನ್ನು ಆಕ್ಷೇಪಿಸಲೂ ಇಲ್ಲ. ಆಕ್ಷೇಪವಿದ್ದಿದ್ದರೆ ಬಾಯಿಬಿಟ್ಟೇ ಹೇಳುವ ಮನುಷ್ಯ. ನಲವತ್ತು ವರ್ಷ ಗಿರಾಕಿಗಳ ಮಾನವನ್ನು ಪರದೆ ಎಳೆದು ಕಾಪಾಡಿದವರು, ಪರದೆಯಿಲ್ಲದ ಕಡೆ ತಮ್ಮ ಬೆನ್ನನ್ನೇ ಕೊಟ್ಟರು. ನಾನು ಮುಜುಗರಪಡಬೇಕೋ, ನಗಬೇಕೋ, ಕೃತಜ್ಞಳಾಗಬೇಕೋ ತಿಳಿಯದೆ ಜಿನ್ನನ್ನು ಇನ್ನೂ ನಿಧಾನವಾಗಿ ಕುಡಿದೆ.

ಲೆಕ್ಕ

ಬಿಲ್ಲುಗಳನ್ನು ಮಾವ ಓದಿದ್ದು ನಾವು ಜಾತಕ ಓದುವ ಶ್ರದ್ಧೆಯಿಂದ. ಮೊತ್ತ ಅವರನ್ನು ಬೆಚ್ಚಿಸಲಿಲ್ಲ, ತೆರಿಗೆ ಬೆಚ್ಚಿಸಿತು. ಸಾಮಾನ್ಯ ಹೋಟೆಲಿನ ತಿಂಡಿಗೆ ಜಿಎಸ್‌ಟಿ ಶೇ. 5, ಕೋಣೆಯ ದಿನಬಾಡಿಗೆ 7,500 ರೂಪಾಯಿ ಮೀರುವ ಹೋಟೆಲುಗಳಲ್ಲಿ ಅದೇ ತಿಂಡಿಗೆ ಶೇ. 18. ಮದ್ಯ ಜಿಎಸ್‌ಟಿಯ ಹೊರಗಿದ್ದು ರಾಜ್ಯದ ವ್ಯಾಟ್‌ಗೆ ಸೇರುತ್ತದೆ. ಮಾವನಂಥವರ ಬಾರುಗಳಿಗೆ ಅದನ್ನು 2023ರ ನವೆಂಬರಿನಲ್ಲಿ ಶೇ. 5ರಿಂದ 10ಕ್ಕೆ ಏರಿಸಿದ್ದರು. 2025ರ ಜುಲೈ 14ರಂದು ಮಹಾರಾಷ್ಟ್ರದ ಬಾರುಗಳು ತೆರಿಗೆ ಮತ್ತು ಲೈಸೆನ್ಸ್ ಶುಲ್ಕದ ಏರಿಕೆಯ ವಿರುದ್ಧ ಒಂದು ದಿನ ಬಾಗಿಲು ಹಾಕಿದಾಗ ಮಾವನದ್ದೂ ಮುಚ್ಚಿತ್ತು. ತಾಜ್‌ನಂಥಲ್ಲಿಗೆ ಬರುವವನು ತೆರಿಗೆ ಏರಿತೆಂದು ಒಂದು ಪೆಗ್ ಕಡಿಮೆ ಕುಡಿಯುವುದಿಲ್ಲ. ತಮ್ಮ ಗಿರಾಕಿ ಕಡಿಮೆ ಮಾಡುತ್ತಾನೆ, ಅಥವಾ ವೈನ್ ಶಾಪಿನಿಂದ ಕ್ವಾರ್ಟರ್ ಕೊಂಡು ಎಲ್ಲೋ ಮೂಲೆಯಲ್ಲಿ ನಿಂತು ಕುಡಿಯುತ್ತಾನೆ ಎಂಬುದು ಅವರ ವಾದ. ಕುರ್ಚಿಯೂ ಹೋಯಿತು, ಮಂಜುಗಡ್ಡೆಯೂ ಹೋಯಿತು, ಉಳಿದದ್ದು ಬರಿಯ ಮದ್ಯ.

ನನಗೆ ಐಷಾರಾಮಿ ಹೋಟೆಲುಗಳ ಮೇಲೆ ಸಿಟ್ಟಿಲ್ಲ. ಅವು ಮಾರುವುದು ಬಿಡುವನ್ನು ಮತ್ತು ಮರೆಮಾಚದೆ ಕುಳಿತುಕೊಳ್ಳುವ ಅವಕಾಶವನ್ನು. ಎರಡೂ ಮುಂಬಯಿಯಲ್ಲಿ ಸುಲಭಕ್ಕೆ ಸಿಗದ ಸರಕುಗಳು. ಅಷ್ಟು ಮೆತ್ತನೆಯ ಕುರ್ಚಿ ಎಲ್ಲರಿಗೂ ಸಿಗಬೇಕೆಂದೂ ನಾನು ಹೇಳುತ್ತಿಲ್ಲ. ಆದರೆ ಒಂದು ಲೋಟ ಚಹಾ ಅಥವಾ ಒಂದು ಪೆಗ್ಗಿನೊಂದಿಗೆ ಯಾರ ಅಪ್ಪಣೆಗೂ ಕಾಯದೆ ಬೆಳಕಿನಲ್ಲಿ ಕುಳಿತುಕೊಳ್ಳುವುದು ಇಷ್ಟು ದುಬಾರಿಯ ಸಂಗತಿಯಾಗಬೇಕಿತ್ತೇ ಎಂಬುದು ಮಾತ್ರ ಇನ್ನೂ ಕೇಳಬೇಕೆನಿಸುತ್ತದೆ. ಹೆಂಗಸರಿಗಂತೂ ಬಹಳ ಕಾಲ ಅಂಥ ಜಾಗ ಈ ದೊಡ್ಡ ಹೋಟೆಲುಗಳಲ್ಲಿ ಮಾತ್ರವೇ ಇತ್ತು. ಫ್ಯಾಮಿಲಿ ರೂಮ್ ಎಂಬುದು, ಎಷ್ಟೇ ತಂಪಾಗಿದ್ದರೂ, ಒಂಟಿಯಾಗಿ ಬಂದ ಹೆಂಗಸಿಗೆ ಕಟ್ಟಿದ ಕೋಣೆಯಲ್ಲ.

ಮಾವನ ಮಗ, ನನ್ನ ಭಾವ, ಕಳೆದ ಬಾರಿ ಬಾರನ್ನು ಹೊಸದು ಮಾಡಿಸುವಾಗ ಕಪ್ಪು ಫಿಲ್ಮನ್ನು ಕೀಳಿಸಿ, ರಸ್ತೆಯ ಕಡೆ ದೊಡ್ಡ ಗಾಜು ಹಾಕಿಸುತ್ತೇನೆಂದು ಹೊರಟ. ತಾಜ್‌ಗೆ ಹೋಗಿ ಬಂದ ಮೇಲೆ ಮಾವ ಒಪ್ಪಿಯಾರೆಂದು ನಾನು ಎಣಿಸಿದ್ದೆ. ಅವರು ಒಪ್ಪಲಿಲ್ಲ. "ಅಲ್ಲಿ ಕೂತವನನ್ನು ರಸ್ತೆಯಿಂದ ನೋಡಿದ್ರೆ ದೊಡ್ಡ ಮನುಷ್ಯ ಅಂತಾರೆ. ನಮ್ಮಲ್ಲಿ ಕೂತವನನ್ನು ನೋಡಿದ್ರೆ ಅವನ ಹೆಂಡತಿಗೆ ಫೋನ್ ಹೋಗ್ತದೆ" ಎಂದರು. ಕೊನೆಗೆ ಅಪ್ಪ-ಮಗ ರಾಜಿಯಾಗಿ ಮುಂದಿನ ಅರ್ಧಕ್ಕೆ ಗಾಜು ಹಾಕಿಸಿ, ಹಿಂದಿನ ಅರ್ಧವನ್ನು ಪರದೆಯ ಸಮೇತ ಹಾಗೆಯೇ ಉಳಿಸಿದರು. ಮುಂಭಾಗಕ್ಕೆ ಈಗ ಸುತ್ತಲಿನ ಕಚೇರಿಗಳ ಹುಡುಗ ಹುಡುಗಿಯರು ಬರುತ್ತಾರೆ, ಬಿಯರ್ ಹೇಳಿ ಬಹಳ ಹೊತ್ತು ಕೂರುತ್ತಾರೆ; ಟೇಬಲ್ ತಿರುಗುವುದಿಲ್ಲವೆಂದು ಭಾವನೇ ಈಗ ಗೊಣಗುತ್ತಾನೆ. ಹಳೆಯ ಗಿರಾಕಿಗಳು ಗಾಜಿನ ಭಾಗವನ್ನು ತಲೆತಗ್ಗಿಸಿ ಬೇಗನೆ ದಾಟಿ ಪರದೆಯ ಹಿಂದೆ ಹೋಗುತ್ತಾರೆ. ಗಲ್ಲಾದ ಲೆಕ್ಕದ ಪ್ರಕಾರ ಹೆಚ್ಚು ವ್ಯಾಪಾರ ಆಗುತ್ತಿರುವುದು ಇಂದಿಗೂ ಆ ಹಿಂದಿನ ಅರ್ಧದಲ್ಲೇ.